ಮೆತ್ತನೆಯ ಎಕ್ಸೋಸೂಟ್: ಯಾವಾಗ ಎಳೆಯಬೇಕು, ಎಲ್ಲಿ ಕಟ್ಟಬೇಕು

ಎಕ್ಸೋಸೂಟ್ ಅಂದರೆ ಮೋಟಾರು, ತಂತಿ ಜೋಡಿಸಿದ, ನಡೆಯಲು ನೆರವಾಗುವ ಬಟ್ಟೆಯ ಉಡುಪು. ನಮ್ಮ ಹುಬ್ಬಳ್ಳಿ-ಧಾರವಾಡದ ರೋಬೋಟಿಕ್ಸ್ ಹುಡುಗರಿಗೆ ಅದರ ಮೋಟಾರಿನ ಲೆಕ್ಕ ಸಲೀಸು. ತೊಡಕಿರುವುದು ಬಟ್ಟೆಯಲ್ಲಿ. ಹಾಗಾಗಿ ಈ ಟಿಪ್ಪಣಿಯಲ್ಲಿ ಮೋಟಾರಿನ ಮಾತು ಕಡಿಮೆ.

ಎಕ್ಸೋಸೂಟಿನಲ್ಲಿ ಲೋಹದ ಚೌಕಟ್ಟಿಲ್ಲ. ಮೈಭಾರ ಹೊರುವುದು ತೊಟ್ಟವರ ಎಲುಬೇ. ಆದ್ದರಿಂದ ಎದ್ದು ನಿಲ್ಲಲಾಗದವರಿಗೆ ಇದು ಉಪಯೋಗವಿಲ್ಲ. ಲಕ್ವಾ ಹೊಡೆದು, ಒಂದು ಕಾಲು ಎಳೆಯುತ್ತಾ ಅಷ್ಟಿಷ್ಟು ನಡೆಯುವವರಿಗೆ ನೆರವಾಗುತ್ತದೆ.

ಸೊಂಟದ ಪಟ್ಟಿಯಲ್ಲಿ ಮೋಟಾರು, ಬ್ಯಾಟರಿ. ಅಲ್ಲಿಂದ ಮೀನಖಂಡದ ಪಟ್ಟಿಗೆ ಬೌಡನ್ ಕೇಬಲ್, ಅಂದರೆ ಸೈಕಲ್ ಬ್ರೇಕಿನಂಥದೇ ಕೊಳವೆಯೊಳಗಿನ ತಂತಿ. ಹಿಮ್ಮಡಿಗೆ ಕಟ್ಟಿದ ತಂತಿ ಎಳೆದರೆ ಪಾದ ನೆಲವನ್ನು ಒದೆಯುತ್ತದೆ. ಪಾದದ ಮುಂಭಾಗಕ್ಕೆ ಕಟ್ಟಿದ ತಂತಿ ಎಳೆದರೆ ಕಾಲ್ಬೆರಳು ಮೇಲೇಳುತ್ತವೆ, ಎಡವುವುದು ತಪ್ಪುತ್ತದೆ.

ಹಿಮ್ಮಡಿ ನೆಲ ಮುಟ್ಟಿದಲ್ಲಿಂದ ಅದೇ ಹಿಮ್ಮಡಿ ಮತ್ತೆ ಮುಟ್ಟುವವರೆಗಿನ ಆವರ್ತ 100 ಎಂದುಕೊಳ್ಳಿ. ಆರೋಗ್ಯವಂತರಲ್ಲಿ ಸುಮಾರು 60 ಭಾಗ ಪಾದ ನೆಲದ ಮೇಲಿರುತ್ತದೆ, 40 ಗಾಳಿಯಲ್ಲಿ. ಒದೆತ ಬೇಕಾದದ್ದು 60 ಮುಗಿಯುವ ಮುನ್ನ, ಸೆಕೆಂಡಿನ ಒಂದು ಸಣ್ಣ ಪಾಲಿನಲ್ಲಿ. ಬೇಗ ಎಳೆದರೆ ದೇಹ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ತಡವಾದರೆ ತೂಗುತ್ತಿರುವ ಕಾಲಿನ ಬೆರಳು ಕೆಳಮುಖವಾಗಿ ಎಡವಿಸುತ್ತದೆ. ಲಕ್ವಾ ಆದವರಲ್ಲಿ ಎರಡೂ ಕಾಲಿನ ಲಯ ಒಂದೇ ಅಲ್ಲ, ಪುಸ್ತಕದ 60-40 ಅವರಿಗೆ ಒಗ್ಗದು. ಅದಕ್ಕೇ ಬೂಟಿನ ಮೇಲಿನ ಸೆನ್ಸರು ಪ್ರತಿ ಹೆಜ್ಜೆಯನ್ನೂ ಹೊಸದಾಗಿ ಓದುತ್ತದೆ.

ಹಾರ್ವರ್ಡ್ ತಂಡ 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಎರಡು ಕಾಲುಗಳ ಒದೆತದ ಅಂತರ ಸುಮಾರು 20%, ನಡೆಯಲು ತಗಲುವ ಶಕ್ತಿ ಸುಮಾರು 10% ಇಳಿಯಿತು. ಆ ತಂತ್ರಜ್ಞಾನದಿಂದ ಬಂದ ‘ರೀಸ್ಟೋರ್’ ಸೂಟಿಗೆ 2019ರಲ್ಲಿ ಅಮೆರಿಕದಲ್ಲಿ ಔಷಧ, ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎ ಸಂಸ್ಥೆಯ ಅನುಮತಿ ಸಿಕ್ಕಿತು, ಅದೂ ಫಿಸಿಯೋಥೆರಪಿಸ್ಟರ ಸಮ್ಮುಖದ ತರಬೇತಿಗೆ. ದಿನವಿಡೀ ತೊಡುವ ಸೂಟು ಎಂದು ಉತ್ತರಪತ್ರಿಕೆಯಲ್ಲಿ ಬರೆಯಬೇಡಿ.

ಈಗ ಬಟ್ಟೆಯ ವಿಷಯ. ತಂತಿ ಹಿಮ್ಮಡಿಯನ್ನು ಮೇಲೆಳೆದಷ್ಟೇ ಬಲದಿಂದ ಮೀನಖಂಡದ ಪಟ್ಟಿಯನ್ನು ಕೆಳಗೆಳೆಯುತ್ತದೆ. ಕಾಲು ಕೆಳಗಿಳಿದಂತೆ ಸಣ್ಣಗಾಗುವುದರಿಂದ ಪಟ್ಟಿ ಜಾರುತ್ತದೆ. ಜಾರಿದಷ್ಟೂ ತಂತಿಯ ಎಳೆತ ವ್ಯರ್ಥ. ಬಿಗಿದು ಕಟ್ಟಿದರೆ ಚರ್ಮ ಉಜ್ಜಿ ಹುಣ್ಣಾಗುತ್ತದೆ, ಸ್ಪರ್ಶ ಕುಂದಿದವರಿಗೆ ಅದು ಗೊತ್ತೂ ಆಗದು. ನಮ್ಮ ಏಪ್ರಿಲ್ ಬೆವರಿನಲ್ಲಿ ಇದು ಇನ್ನೂ ಬಿಗಡಾಯಿಸುತ್ತದೆ ಎಂದು ನನ್ನ ಅಂದಾಜು.

ಮತ್ತೆ, ಸೂಟಿಗೆ ಬೂಟು ಬೇಕು. ಗದಗ, ಹಾವೇರಿ ಕಡೆಯ ಹಿರಿಯರು ಚಪ್ಪಲಿ ಮೆಟ್ಟುತ್ತಾರೆ, ಅದರಲ್ಲಿ ಪಾದ ಬಿಗಿಯಾಗಿ ಕೂಡುವುದಿಲ್ಲ. ಪ್ರಾಜೆಕ್ಟಿಗೆ ವಿಷಯ ಹುಡುಕುವವರು ಹಿಂಬದಿ ಪಟ್ಟಿಯಿರುವ ಚಪ್ಪಲಿಯಲ್ಲಿ ತಂತಿಯ ತುದಿಯನ್ನು ಎಲ್ಲಿ ಕಟ್ಟಬಹುದು ಎಂದು ನೋಡಿ. ಮೋಟಾರು ಆಮೇಲೆ ಕೊಳ್ಳಬಹುದು.