ಆನ್‌ಲೈನ್ ಪದವಿಯಲ್ಲಿ ಟ್ಯೂಟರ್, ಮೆಂಟರ್: ಉಪಯೋಗ ಎಷ್ಟು, ಯಾವಾಗ?

ಟ್ಯೂಟರ್, ಮೆಂಟರ್ ಕುರಿತ ಈ ಅಧ್ಯಾಯದಲ್ಲಿ ನಾನು ಮೊದಲು ಎಡವಿದ್ದೇ ಈ ಎರಡು ಪದಗಳಲ್ಲಿ. ಎರಡೂ ಒಂದೇ ಅಂದುಕೊಂಡಿದ್ದೆ. ಟ್ಯೂಟರ್ ನೋಡುವುದು ಪಾಠವನ್ನು: ಲೆಕ್ಕ ಎಲ್ಲಿ ತಪ್ಪಿತು, ಪ್ರಬಂಧದ ವಾದ ಎಲ್ಲಿ ಸಡಿಲವಾಯಿತು. ಮೆಂಟರ್ ನೋಡುವುದು ಓದುವವರನ್ನು: ಎರಡು ವಾರದಿಂದ ಯಾಕೆ ಲಾಗಿನ್ ಆಗಿಲ್ಲ, ಕೆಲಸ ಮತ್ತು ಓದು ಹೇಗೆ ಹೊಂದುತ್ತಿದೆ, ಮುಂದೇನು. ಒಬ್ಬರೇ ಎರಡನ್ನೂ ಮಾಡಬಹುದು. ಆದರೆ ಪರಿಣಾಮ ಅಳೆಯುವಾಗ ಬೇರೆ ಬೇರೆ ಇಡಬೇಕು. ಒಂದರ ಫಲ ಅಂಕದಲ್ಲಿ ಕಾಣುತ್ತದೆ, ಇನ್ನೊಂದರದು ಹೆಚ್ಚಾಗಿ ಓದು ಬಿಡದೆ ಉಳಿದವರ ಸಂಖ್ಯೆಯಲ್ಲಿ.

ಆನ್‌ಲೈನ್‌ನಲ್ಲಿ ಇದು ಇಷ್ಟು ಮುಖ್ಯ ಯಾಕೆ? ದೂರ ಶಿಕ್ಷಣದ ಚಿಂತಕ ಮೈಕೆಲ್ ಮೂರ್ ಅವರ ಮಾತು ನೆನಪಿಡಿ: ದೂರ ಶಿಕ್ಷಣದ 'ದೂರ' ಕಿಲೋಮೀಟರ್‌ನದಲ್ಲ, ಕಲಿಸುವವರಿಗೂ ಕಲಿಯುವವರಿಗೂ ನಡುವೆ ಮಾತುಕತೆ ಕಡಿಮೆಯಾದಾಗ ಹುಟ್ಟುವ ಅಂತರ. ಎಂಐಟಿ ಮತ್ತು ಹಾರ್ವರ್ಡ್‌ನ ಉಚಿತ ಆನ್‌ಲೈನ್ ಕೋರ್ಸ್‌ಗಳಿಗೆ 2017-18ರಲ್ಲಿ ಸೇರಿದವರಲ್ಲಿ ಮುಗಿಸಿದವರು ಶೇಕಡಾ 3ರ ಆಸುಪಾಸು. ಸುಮ್ನೆ ಇಣುಕಿ ನೋಡಲು ಸೇರಿದವರೂ ಅದರಲ್ಲಿದ್ದಾರೆ, ಹಾಗಾಗಿ ಪದವಿ ಕೋರ್ಸ್‌ಗೆ ಆ ಅಂಕಿಯನ್ನು ಹಾಗೇ ಹಚ್ಚಬೇಡಿ.

ಈಗ ಪರೀಕ್ಷೆಯಲ್ಲಿ ಎಲ್ಲರೂ ಬರೆಯುವ ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್, 1984. ಒಬ್ಬರಿಗೊಬ್ಬರಂತೆ ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ, ಮಾಮೂಲಿ ತರಗತಿಯ ಶೇಕಡಾ 98 ಮಂದಿಗಿಂತ ಮುಂದೆ ಹೋದ ಅಂತ ಅವರು ಬರೆದರು. ಇಲ್ಲಿಗೇ ನಿಲ್ಲಿಸಬೇಡಿ. ಆ ಪಾಠದ ಜೊತೆಗೆ ಪದೇ ಪದೇ ಕಿರುಪರೀಕ್ಷೆ, ತಪ್ಪು ತಿದ್ದಿ ಮತ್ತೆ ಪರೀಕ್ಷೆ ಎಂಬ ಕ್ರಮವೂ ಇತ್ತು. ಎಲ್ಲ ಶ್ರೇಯ ಟ್ಯೂಟರ್‌ಗೇ ಕೊಡಲು ಆಗದು.

ಸಂಶೋಧಕ ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟಿಗೆ ನೋಡಿದಾಗ ಮಾನವ ಟ್ಯೂಟರ್‌ನ ಪರಿಣಾಮ 0.79 ಮಾನಕ ವಿಚಲನೆಗೆ (ಅಂಕಗಳು ಸರಾಸರಿಯಿಂದ ಎಷ್ಟು ಹರಡಿವೆ ಎನ್ನುವ ಅಳತೆ) ಇಳಿಯಿತು. ಬ್ಲೂಮ್ ಹೇಳಿದ್ದು 2, ಮೇಲಿನ ಶೇಕಡಾ 98 ಅಂದರೆ ಅದೇ. ನನಗೆ ಇನ್ನೂ ಕುತೂಹಲ ಹುಟ್ಟಿಸಿದ್ದು ಬೇರೆ ಎರಡು ಅಂಕಿ. ಪ್ರತಿ ಹೆಜ್ಜೆ ನೋಡಿ ತಿದ್ದುವ ಸಾಫ್ಟ್‌ವೇರ್‌ಗೆ 0.76. ಕೊನೆಯ ಉತ್ತರ ಸರಿಯೋ ತಪ್ಪೋ ಅಂತ ಮಾತ್ರ ಹೇಳುವುದಕ್ಕೆ 0.31. ಅಂದರೆ ಹೇಳುವವರು ಯಾರು ಎನ್ನುವುದಕ್ಕಿಂತ, ತಪ್ಪಿದ ಜಾಗದಲ್ಲೇ ಹೇಳಿದರಾ ಎನ್ನುವುದೇ ದೊಡ್ಡದು, ಅಲ್ವಾ?

ಹೊತ್ತಿಗೆ ಸರಿಯಾಗಿ ಸಿಗುವುದೂ ಅಷ್ಟೇ ಮುಖ್ಯ ಅನ್ನುವುದು ನನ್ನ ಅನುಭವ. ಒಂದು ಕೋರ್ಸ್‌ನಲ್ಲಿ ನಾನು ಕೇಳಿದ ಸಂದೇಹಕ್ಕೆ ಒಂಬತ್ತು ದಿನದ ಮೇಲೆ ಉತ್ತರ ಬಂತು. ಚೆನ್ನಾಗಿಯೇ ಬರೆದಿದ್ದರು. ಅಷ್ಟರಲ್ಲಿ ನಾನು ಅದೇ ತಪ್ಪನ್ನು ಇನ್ನೆರಡು ಅಸೈನ್‌ಮೆಂಟ್‌ನಲ್ಲಿ ಮಾಡಿ ಕಳಿಸಿಯಾಗಿತ್ತು.

ಮೆಂಟರ್ ವಿಷಯಕ್ಕೆ ಬರೋಣ. ಮೆಂಟರ್ ಹತ್ತಿರ ಹೋದವರು ಓದು ಮುಗಿಸಿದರು ಅಂದರೆ ಮೆಂಟರ್‌ನಿಂದಲೇ ಮುಗಿಸಿದರು ಅಂತಲ್ಲ. ತಾವಾಗಿ ಹೋಗುವವರಲ್ಲಿ ಹುಮ್ಮಸ್ಸು ಮೊದಲೇ ಜಾಸ್ತಿ ಇರಬಹುದು. ಟ್ಯೂಟರ್ ವಿಷಯದಲ್ಲಿ ಇದು ತಿರುಗಾಮುರುಗಾ ಆಗುವುದೂ ಉಂಟು: ಕಷ್ಟಪಡುವವರೇ ಹೆಚ್ಚು ಬಂದರೆ, ಟ್ಯೂಟರ್ ಇದ್ದವರ ಅಂಕವೇ ಕಡಿಮೆ ಕಾಣುತ್ತದೆ. ಇದಕ್ಕೆ ಮದ್ದು, ಯಾರಿಗೆ ನೆರವು ಯಾರಿಗಿಲ್ಲ ಅಂತ ಚೀಟಿ ಎತ್ತಿದಂತೆ ಹಂಚುವುದು. ಸಂಶೋಧಕರಾದ ಎರಿಕ್ ಬೆಟಿಂಗರ್ ಮತ್ತು ರೇಚಲ್ ಬೇಕರ್ ಅಮೆರಿಕದ 13,555 ವಿದ್ಯಾರ್ಥಿಗಳ ಮಾಹಿತಿಯಲ್ಲಿ ನೋಡಿದ್ದು ಹೀಗೆ ಹಂಚಿದ ಗುಂಪುಗಳನ್ನೇ. ಮೆಂಟರ್‌ನಂಥದೇ ಕೆಲಸದ ಕೋಚ್‌ಗಳು ತಾವೇ ವಿದ್ಯಾರ್ಥಿಗಳನ್ನು ಸಂಪರ್ಕಿಸುತ್ತಿದ್ದರು. ಒಂದು ವರ್ಷದ ನಂತರ ಓದು ಮುಂದುವರಿಸಿದವರ ಪ್ರಮಾಣ ಕೋಚ್ ಇದ್ದ ಗುಂಪಿನಲ್ಲಿ ಸುಮಾರು 5 ಶೇಕಡಾಂಶ ಹೆಚ್ಚಿತ್ತು.

ಹಾಗಾದರೆ ಮೆಸೇಜ್ ಕಳಿಸಿದರೆ ಸಾಲದೇ, ಖರ್ಚೂ ಉಳಿಯುತ್ತದೆ? ಟೊರೊಂಟೊ ವಿಶ್ವವಿದ್ಯಾಲಯದಲ್ಲಿ 4,000ಕ್ಕೂ ಹೆಚ್ಚು ವಿದ್ಯಾರ್ಥಿಗಳ ಮೇಲೆ ಇದನ್ನೇ ಪರೀಕ್ಷಿಸಿದರು. ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಒಬ್ಬೊಬ್ಬರಿಗೂ ಕೋಚ್ ಕೊಟ್ಟಾಗ ಅಂಕ ಸುಮಾರು 0.3 ಮಾನಕ ವಿಚಲನೆಯಷ್ಟು ಏರಿತು. ಮೊಬೈಲ್ ಮೆಸೇಜ್‌ನಿಂದ, ಆನ್‌ಲೈನ್‌ನಲ್ಲಿ ಒಮ್ಮೆ ಮಾಡಿಸಿದ ಚಟುವಟಿಕೆಯಿಂದ ಏನೂ ಆಗಲಿಲ್ಲ. ಗಮನಿಸಿ, ಅದು ಕ್ಯಾಂಪಸ್ ವಿದ್ಯಾರ್ಥಿಗಳ ಕಥೆ. ಪೂರ್ತಿ ಆನ್‌ಲೈನ್ ಓದುವವರಿಗೆ ಅದನ್ನು ಎಚ್ಚರದಿಂದ ಅನ್ವಯಿಸಿ.

'ಬೇಕಿದ್ದರೆ ಕೇಳಿ' ಎಂಬ ಬಟನ್ ಬಗ್ಗೆ ನನಗೆ ಅಷ್ಟು ನಂಬಿಕೆ ಇಲ್ಲ. ಹಿಂದೆ ಬಿದ್ದವರಿಗೆ ಕೇಳಲು ಸಂಕೋಚ. ಎಷ್ಟೋ ಸಲ ಏನು ಕೇಳಬೇಕು ಅಂತಲೇ ಗೊತ್ತಿರುವುದಿಲ್ಲ. ಅದಕ್ಕೇ ಮೊದಲ ಕರೆ ಮೆಂಟರ್ ಕಡೆಯಿಂದ ಬರಬೇಕು, ಅದೂ ಮೊದಲ ಅಸೈನ್‌ಮೆಂಟ್ ತಪ್ಪುವ ಮುಂಚೆ. ಟ್ಯೂಟರ್‌ಗೆ ಬರೆಯುವಾಗ ನಾವು ಮಾಡಬಹುದಾದ್ದೂ ಒಂದಿದೆ: ಬರೀ ಉತ್ತರ ಕಳಿಸದೆ, ಅಲ್ಲಿಗೆ ಹೇಗೆ ಬಂದಿರಿ ಅಂತ ಹೆಜ್ಜೆ ಹೆಜ್ಜೆಯಾಗಿ ಬರೆದು ಕಳಿಸಿ.