ಹ್ಯಾಂಡಲ್ ತಿರುಗಿಸಿದರೂ ಎಟಿವಿ ಏಕೆ ಸೀದಾ ಹೋಗುತ್ತದೆ?

ಕೊಡಗಿನಲ್ಲಿ ಎಟಿವಿ (ದಪ್ಪ ಟೈರಿನ, ಬೈಕಿನಂಥ ಹ್ಯಾಂಡಲ್ ಇರುವ ಕಚ್ಚಾ ಹಾದಿಯ ಗಾಡಿ) ಬಾಡಿಗೆಗೆ ಕೊಡುವ ಒಂದು ಜಾಗಕ್ಕೆ ಹೋಗಿದ್ದೆ. ಮಳೆ ನಿಂತು ಎರಡು ದಿನ ಆಗಿತ್ತು. ಕಾಫಿ ತೋಟದ ಪಕ್ಕದ ಕೆಮ್ಮಣ್ಣಿನ ಹಾದಿ, ಎಡಕ್ಕೊಂದು ತಿರುವು. ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದೆ. ಮುಂದಿನ ಚಕ್ರಗಳೇನೋ ತಿರುಗಿದವು, ಗಾಡಿ ತಿರುಗಲಿಲ್ಲ. ಸೀದಾ ಹೋಗಿ ಬೇಲಿಗೆ ಮೂತಿ ಇಟ್ಟಿತು. ಹಿಂದಿನಿಂದ ಓಡಿಬಂದ ಹುಡುಗ ನಗಲಿಲ್ಲ. ಅವನಿಗೆ ಇದು ದಿನಾ ನೋಡುವ ದೃಶ್ಯ. ‘ಸಾರ್, ಬೈಕ್ ಥರ ಕೂತ್ರೆ ಆಗಲ್ಲ. ಸೀಟಿಂದ ಸ್ವಲ್ಪ ಎದ್ದು ಮುಂದಕ್ಕೆ ಬನ್ನಿ. ಹೊರಗಡೆ ಕಾಲಿನ ಮೇಲೆ ಭಾರ ಹಾಕಿ, ಮೈ ಮಾತ್ರ ಒಳಗಡೆ ವಾಲಲಿ’ ಅಂದ.

ಹಾಗೇ ಮಾಡಿದೆ, ತಿರುಗಿತು. ಯಾಕೆ ತಿರುಗಿತು ಅಂತ ತಲೆ ಕೆಡಿಸಿಕೊಂಡಿದ್ದು ಆಮೇಲೆ. ಉತ್ತರ ಹುಡುಕುತ್ತಾ ಹೋದರೆ ಅದು ಐವತ್ತು ವರ್ಷಕ್ಕೂ ಹಳೆಯ ಕಥೆ.

1960ರ ದಶಕದ ಕೊನೆಯಲ್ಲಿ ಅಮೆರಿಕದ ಹೋಂಡಾ ಡೀಲರ್‌ಗಳಿಗೆ ಒಂದು ತಲೆನೋವಿತ್ತು. ಚಳಿಗಾಲ ಬಂದರೆ ಬೈಕ್ ಯಾರೂ ಕೊಳ್ಳುವುದಿಲ್ಲ. ಹಿಮದಲ್ಲೂ ಓಡುವ ಏನಾದರೂ ಕೊಡಿ ಎಂದು ಅವರು ಕೇಳಿದರು. ಹೋಂಡಾದ ಎಂಜಿನಿಯರ್ ಒಸಾಮು ತಾಕೆಯುಚಿ ಎರಡರಿಂದ ಆರು ಚಕ್ರಗಳವರೆಗೆ ಎಲ್ಲವನ್ನೂ ಪರೀಕ್ಷಿಸಿ ಕೊನೆಗೆ ಮೂರಕ್ಕೆ ನಿಂತರು. 1970ರಲ್ಲಿ ಯುಎಸ್90 ಎಂಬ ಹೆಸರಿನಲ್ಲಿ ಬಂದ ಆ ಗಾಡಿಯ ಬೆಲೆ 595 ಡಾಲರ್, ಎಂಜಿನ್ ಶಕ್ತಿ 7 ಅಶ್ವಶಕ್ತಿ. ಮುಂದೆ ಅದೇ ಎಟಿಸಿ90 ಆಯಿತು.

ಅದಕ್ಕೆ ಸಸ್ಪೆನ್ಷನ್ ಅನ್ನುವುದೇ ಇರಲಿಲ್ಲ. ಸ್ಪ್ರಿಂಗೂ ಇಲ್ಲ, ಶಾಕ್ ಅಬ್ಸಾರ್ಬರೂ ಇಲ್ಲ. ಹಿಂದಿನ ಆಕ್ಸಲ್, ಅಂದರೆ ಎರಡು ಚಕ್ರಗಳನ್ನು ಜೋಡಿಸುವ ಅಚ್ಚು, ಸೀದಾ ಚಾಸಿಗೇ ಕೂತಿತ್ತು. ಬಲೂನಿನಂಥ ದಪ್ಪ ಟೈರುಗಳೇ ಸ್ಪ್ರಿಂಗ್ ಕೆಲಸ ಮಾಡಬೇಕಿತ್ತು. ಕಲ್ಲು ಸಿಕ್ಕರೆ ಟೈರು ಅದುಮಿಕೊಳ್ಳುತ್ತಿತ್ತು, ಆಮೇಲೆ ಅದುಮಿದಷ್ಟನ್ನೂ ವಾಪಸ್ ಕೊಡುತ್ತಿತ್ತು. ಶಾಕ್ ಅಬ್ಸಾರ್ಬರ್ ಇದ್ದಿದ್ದರೆ ಆ ಪುಟಿತವನ್ನು ನುಂಗಿಬಿಡುತ್ತಿತ್ತು. ಅದಿಲ್ಲದೆ ಸ್ವಲ್ಪ ವೇಗ ಹೆಚ್ಚಾದರೆ ಸವಾರ ಚೆಂಡಿನ ಮೇಲೆ ಕೂತ ಹಾಗೆ ಕುಣಿಯುತ್ತಿದ್ದ.

ತಿರುವಿನ ಕಷ್ಟ ಇದಲ್ಲ, ಇನ್ನೊಂದು. ಎತ್ತಿನಗಾಡಿ ನೋಡಿದ್ದೀರಲ್ಲ? ಅದರಲ್ಲಿ ಅಚ್ಚು ತಿರುಗುವುದಿಲ್ಲ, ಎರಡೂ ಚಕ್ರಗಳು ತಮ್ಮ ಪಾಡಿಗೆ ತಾವು ತಿರುಗುತ್ತವೆ. ಗಾಡಿ ಹೊರಳಿದಾಗ ಹೊರಗಿನ ಚಕ್ರ ಜಾಸ್ತಿ ಸುತ್ತುತ್ತದೆ, ಒಳಗಿನದು ಕಡಿಮೆ. ಜಗಳವಿಲ್ಲ. ಕಾರಿನಲ್ಲಿ, ನಮ್ಮ ಆಟೋದಲ್ಲೂ, ಇದೇ ಕೆಲಸವನ್ನು ಡಿಫರೆನ್ಷಿಯಲ್ ಮಾಡುತ್ತದೆ. ಆ ಎಟಿಸಿಯಲ್ಲಿ ಎರಡು ಹಿಂಚಕ್ರಗಳೂ ಒಂದೇ ಕಂಬಿಗೆ ಗಟ್ಟಿಯಾಗಿ ಕೂತಿದ್ದವು. ಎರಡೂ ಒಂದೇ ವೇಗದಲ್ಲಿ ಸುತ್ತಲೇಬೇಕು. ಚಕ್ರಗಳ ನಡುವೆ 90 ಸೆಂಟಿಮೀಟರ್ ಇದೆ ಎಂದುಕೊಳ್ಳಿ. ಒಂದು ಯೂ-ಟರ್ನ್ ಮುಗಿಸುವಷ್ಟರಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 2.8 ಮೀಟರ್ ಹೆಚ್ಚು ದೂರ ಹೋಗಬೇಕು. ಆಕ್ಸಲ್ ಅದಕ್ಕೆ ಒಪ್ಪುವುದಿಲ್ಲ. ಯಾವುದಾದರೂ ಒಂದು ಚಕ್ರ ಜಾರಬೇಕು, ಇಲ್ಲದಿದ್ದರೆ ಗಾಡಿ ಸೀದಾ ಹೋಗಬೇಕು. ಅಂಥದ್ದೇ ಆಕ್ಸಲ್ ಇದ್ದ ನನ್ನ ಗಾಡಿ ಬೇಲಿಗೆ ಹೋಗಿದ್ದು ಇದೇ ಕಾರಣಕ್ಕೆ.

ಒಳಗಿನ ಹಿಂಚಕ್ರದ ಮೇಲಿನ ಭಾರ ಇಳಿಸಿದರೆ ಅದು ಸುಲಭವಾಗಿ ಜಾರುತ್ತದೆ, ಗಾಡಿ ತಿರುಗುತ್ತದೆ. ಹೊರಗಿನ ಕಾಲಿನ ಮೇಲೆ ಭಾರ ಹಾಕಿ ಮೈ ಒಳಗೆ ವಾಲಿಸಿ ಎಂದು ಹೋಂಡಾದ ಮೂರು ಚಕ್ರದ ಗಾಡಿಗಳ ಮ್ಯಾನುಯಲ್‌ಗಳೂ ಹೇಳುತ್ತಿದ್ದವು. ತೋಟದ ಹುಡುಗ ಆ ಮ್ಯಾನುಯಲ್ ಓದಿರಲಿಕ್ಕಿಲ್ಲ. ದಿನಕ್ಕೆ ಹತ್ತು ಜನ ಬೇಲಿಗೆ ಗುದ್ದುವುದನ್ನು ನೋಡಿದರೆ ಯಾರಿಗಾದರೂ ಗೊತ್ತಾಗುತ್ತದೆ ಅನ್ನಿ.

ಈ ಆಕ್ಸಲ್‌ನ ಹಟ ಎಷ್ಟೆಂದರೆ ಎಡ-ಬಲ ಟೈರಿನ ಗಾಳಿ ಒಂದೇ ಸಮ ಇಲ್ಲದಿದ್ದರೂ ಗಾಡಿ ಒಂದು ಕಡೆಗೆ ಎಳೆಯುತ್ತದೆ. ಎಟಿವಿ ಟೈರಿಗೆ ಸಾಮಾನ್ಯವಾಗಿ ಹಾಕುವುದೇ 4-5 ಪಿಎಸ್‌ಐ (ಒತ್ತಡದ ಅಳತೆ) ಗಾಳಿ. ಒಂದು ಪಿಎಸ್‌ಐ ವ್ಯತ್ಯಾಸ ಆದರೂ ಒಂದು ಟೈರು ಗಿಡ್ಡ, ಇನ್ನೊಂದು ಎತ್ತರ ಆದ ಲೆಕ್ಕ. ಪೆಟ್ರೋಲ್ ಬಂಕಿನ ಗೇಜಿನಲ್ಲಿ ಇಷ್ಟು ಸಣ್ಣ ವ್ಯತ್ಯಾಸ ಸರಿಯಾಗಿ ಗೊತ್ತಾಗುವುದೂ ಇಲ್ಲ. ಇದಕ್ಕೆಂದೇ ಬೇರೆ ಗೇಜು ಬೇಕು.

1981ರಲ್ಲಿ ಹೋಂಡಾ ಎಟಿಸಿ250ಆರ್ ತಂದಿತು. ಮುಂದೆ ಫೋರ್ಕ್, ಹಿಂದೆ ಸ್ವಿಂಗ್ ಆರ್ಮ್ (ಆಕ್ಸಲ್ ಹಿಡಿದು ಮೇಲೆ ಕೆಳಗೆ ಆಡುವ ತೋಳು), ಎರಡೂ ಕಡೆ ಸಸ್ಪೆನ್ಷನ್. ಕುಣಿತ ಕಡಿಮೆ ಆಯಿತು, ಆದ್ದರಿಂದ ಜನ ಜೋರಾಗಿ ಓಡಿಸಿದರು. ಕೆಳಗಿದ್ದ ಮೂರು ಚಕ್ರದ ತ್ರಿಕೋನ ಮಾತ್ರ ಬದಲಾಗಲಿಲ್ಲ. ಆಟೋದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ತಿರುವಿನಲ್ಲಿ ಬ್ರೇಕ್ ಹಿಡಿದರೆ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಮುಂದೆ ಇರುವುದು ಒಂದೇ ಚಕ್ರ, ಗಾಡಿ ಓರೆಯಾಗಿ ಮಗುಚುತ್ತದೆ. ಅಮೆರಿಕದಲ್ಲಿ ಅಪಘಾತ ಹೆಚ್ಚಾದವು, ಸತ್ತವರಲ್ಲಿ ಮಕ್ಕಳೂ ಇದ್ದರು. 1988ರಲ್ಲಿ ಅಲ್ಲಿನ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗದೊಂದಿಗೆ ಕಂಪನಿಗಳು ನ್ಯಾಯಾಲಯದ ಮೂಲಕ ಒಪ್ಪಂದ ಮಾಡಿಕೊಂಡು ಮೂರು ಚಕ್ರದ ಹೊಸ ಗಾಡಿಗಳ ಮಾರಾಟ ನಿಲ್ಲಿಸಿದವು. ತಪ್ಪೆಲ್ಲ ಮೂರನೇ ಚಕ್ರದ್ದೇ ಎಂದು ನಾನು ಹೇಳುವುದಿಲ್ಲ. ಓಡಿಸುವುದನ್ನು ಯಾರೂ ಕಲಿಸದೇ ಮಕ್ಕಳ ಕೈಗೆ ಕೊಟ್ಟಿದ್ದೂ ಸಣ್ಣ ತಪ್ಪಲ್ಲ.

ಅಷ್ಟರಲ್ಲಿ ನಾಲ್ಕು ಚಕ್ರ ಬಂದಾಗಿತ್ತು. ಸುಜುಕಿಯ ಕ್ವಾಡ್‌ರನ್ನರ್ ಎಲ್‌ಟಿ125 ಮಾರುಕಟ್ಟೆಗೆ ಬಂದಿದ್ದು 1983ರ ಮಾಡೆಲ್ ಆಗಿ. ಆದರೆ ನಿಜವಾದ ತಿರುವು ನನ್ನ ಪ್ರಕಾರ 1985ರ ಸುಜುಕಿ ಎಲ್‌ಟಿ250ಆರ್. ಅದರಲ್ಲಿ ಮುಂದಿನ ಒಂದೊಂದು ಚಕ್ರಕ್ಕೂ ಮೇಲೊಂದು, ಕೆಳಗೊಂದು ‘ಎ’ ಆಕಾರದ ತೋಳು. ಹಿಂದೆ ಬೈಕಿನ ಹಾಗೆ ಸ್ವಿಂಗ್ ಆರ್ಮ್, ಒಂದೇ ಶಾಕ್ ಅಬ್ಸಾರ್ಬರ್, ಅದರ ತುದಿಗೆ ಅದೇ ಹಟಮಾರಿ ಆಕ್ಸಲ್. 1986ರಲ್ಲಿ ಹೋಂಡಾ ಟಿಆರ್‌ಎಕ್ಸ್250ಆರ್ ಕೂಡ ಇದೇ ದಾರಿ ಹಿಡಿಯಿತು. ಇವತ್ತಿನ ರೇಸ್ ಕ್ವಾಡ್‌ಗಳ, ಅಂದರೆ ನಾಲ್ಕು ಚಕ್ರದ ರೇಸ್ ಎಟಿವಿಗಳ, ಅಸ್ಥಿಪಂಜರ ಈಗಲೂ ಇದೇ.

ಮುಂದಿನ ಎರಡು ತೋಳುಗಳಲ್ಲಿ ಮೇಲಿನದು ಸಾಮಾನ್ಯವಾಗಿ ಗಿಡ್ಡ. ತಿರುವಿನಲ್ಲಿ ಗಾಡಿ ಹೊರಕ್ಕೆ ವಾಲಿದಾಗ ಚಕ್ರವೂ ಅದರ ಜೊತೆ ವಾಲಿ ಟೈರಿನ ಅಂಚಿನ ಮೇಲೆ ನಿಲ್ಲಬಾರದಲ್ಲ? ಸಸ್ಪೆನ್ಷನ್ ಅದುಮಿದಂತೆ ಗಿಡ್ಡ ತೋಳು ಚಕ್ರದ ತಲೆಯನ್ನು ಒಳಕ್ಕೆ ಎಳೆಯುತ್ತದೆ. ಗಾಡಿ ವಾಲಿದರೂ ಹೊರ ಚಕ್ರ ಹೆಚ್ಚುಕಡಿಮೆ ನೆಟ್ಟಗೆ ನಿಂತು ನೆಲ ಹಿಡಿಯುತ್ತದೆ.

ಹಿಂದಿನ ಸ್ವಿಂಗ್ ಆರ್ಮ್‌ನ ಕಥೆ ಇನ್ನೂ ಸ್ವಾರಸ್ಯ. ಅದು ಮೇಲೆ ಕೆಳಗೆ ಆಡುತ್ತದೆ, ಅಷ್ಟೇ. ಎಡ-ಬಲಕ್ಕೆ ತಿರುಚಿಕೊಳ್ಳುವುದಿಲ್ಲ. ಹಾಗಾಗಿ ತಿರುವಿನಲ್ಲಿ ಗಾಡಿಯ ಹಿಂಭಾಗ ವಾಲಲು ಹೊರಟರೆ ಆಕ್ಸಲ್ ಕೂಡ ಅದರ ಜೊತೆಗೇ ವಾಲಬೇಕು. ಒಳ ಚಕ್ರದ ಭಾರ ಥಟ್ಟನೆ ಇಳಿಯುತ್ತದೆ, ಕೆಲವೊಮ್ಮೆ ಚಕ್ರ ನೆಲ ಬಿಟ್ಟೇ ಏಳುತ್ತದೆ. ಒಳ ಚಕ್ರ ಹಗುರ ಆಯಿತೆಂದರೆ ಆಕ್ಸಲ್‌ನ ಹಟ ಮುಗಿಯಿತು. ಇದನ್ನು ಹಳೇ ಕಾಲದ ಒರಟು ವಿನ್ಯಾಸ ಅಂತ ಬಯ್ಯುವವರಿದ್ದಾರೆ. ತಿರುವಿನ ಮಟ್ಟಿಗೆ ಅದರ ಒರಟುತನವೇ ಅದರ ಗುಣ.

ಹೊಲ, ಕಾಡು, ಬೇಟೆ ಅಂತ ಎಟಿವಿ ಬಳಸುವವರಿಗೆ ರೇಸು ಬೇಕಿರಲಿಲ್ಲ, ಸೊಂಟ ಉಳಿದರೆ ಸಾಕಿತ್ತು. ಹಿಂದೆ ಆಕ್ಸಲ್ ಇದ್ದರೆ ಒಂದು ಚಕ್ರ ಕಲ್ಲು ಹತ್ತಿದಾಗ ಇಡೀ ಗಾಡಿ ಓರೆಯಾಗುತ್ತದೆ. ಆಕ್ಸಲ್‌ನ ನಡುಭಾಗ ಕಲ್ಲಿಗೆ ತಾಗುವುದೂ ಉಂಟು. 1996ರಲ್ಲಿ ಅಮೆರಿಕದ ಪೊಲಾರಿಸ್ ಕಂಪನಿಯ ಸ್ಪೋರ್ಟ್ಸ್‌ಮನ್ 500 ಇದಕ್ಕೆ ಕೊಟ್ಟ ಉತ್ತರ, ಹಿಂದಿನ ಎರಡು ಚಕ್ರಗಳಿಗೂ ಬೇರೆ ಬೇರೆ ಸಸ್ಪೆನ್ಷನ್. ಹಾಗೆ ಮಾಡಿದವರಲ್ಲಿ ಅದೇ ಮೊದಲಲ್ಲದಿದ್ದರೂ ಜನರ ಬಾಯಲ್ಲಿ ಅದು ಬಂದಿದ್ದು ಈ ಗಾಡಿಯಿಂದ. ಯಮಹಾ, ಹೋಂಡಾ ಕೂಡ 2000ದ ದಶಕದ ಆರಂಭದಲ್ಲಿ ತಮ್ಮ ದೊಡ್ಡ ಗಾಡಿಗಳಲ್ಲಿ ಇದನ್ನೇ ಮಾಡಿದವು.

ಸವಾರಿ ಸೋಫಾ ಆಯಿತು. ತಿರುವಿನಲ್ಲಿ ಎರಡು ಹೊಸ ತಕರಾರು ಶುರುವಾದವು. ಒಂದು, ಗಾಡಿ ಹೊರಕ್ಕೆ ಜಾಸ್ತಿ ವಾಲತೊಡಗಿತು. ಸ್ಪ್ರಿಂಗ್ ಉದ್ದಕ್ಕೆ ಆಡಬೇಕೆಂದರೆ ಗಾಡಿ ಎತ್ತರ ನಿಲ್ಲಬೇಕು, ಎತ್ತರದಲ್ಲಿರುವ ಭಾರ ಬೇಗ ಮಗುಚುತ್ತದೆ. ಚಕ್ರಗಳ ಅಗಲ ಹೆಚ್ಚಿಸೋಣ ಅಂದರೆ ಅಮೆರಿಕದ ಎಷ್ಟೋ ಕಾಡುಹಾದಿಗಳಲ್ಲಿ 50 ಇಂಚಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ಎರಡನೆಯ ತಕರಾರು ಕಣ್ಣಿಗೆ ಕಾಣುವುದಿಲ್ಲ. ಪ್ರತಿ ಚಕ್ರಕ್ಕೂ ತನ್ನದೇ ಸ್ಪ್ರಿಂಗ್ ಇದ್ದರೆ ಒಳ ಹಿಂಚಕ್ರ ತಿರುವಿನಲ್ಲೂ ನೆಲ ಒತ್ತಿಕೊಂಡೇ ಇರುತ್ತದೆ. ಒಳ್ಳೆಯದೇ ಅಲ್ವಾ ಅನಿಸುತ್ತದೆ. ಆದರೆ ಎಷ್ಟೋ ಎಟಿವಿಗಳಲ್ಲಿ ಸಸ್ಪೆನ್ಷನ್ ಬೇರೆಯಾದರೂ ಎರಡು ಹಿಂಚಕ್ರಗಳ ಓಟ ಒಟ್ಟಿಗೇ ಉಳಿಯಿತು, ನಡುವೆ ಡಿಫರೆನ್ಷಿಯಲ್ ಬರಲಿಲ್ಲ. ಹಿಡಿತ ಬಿಡದ ಒಳ ಚಕ್ರ ಗಾಡಿಯನ್ನು ಮತ್ತೆ ಸೀದಾ ತಳ್ಳುತ್ತದೆ.

ಇದಕ್ಕೆ ಮದ್ದು ಆಂಟಿ-ರೋಲ್ ಬಾರ್. ಎಡ-ಬಲ ತೋಳುಗಳನ್ನು ಜೋಡಿಸುವ ಒಂದು ಬಾಗಿದ ಉಕ್ಕಿನ ಕಂಬಿ, ಇನ್ನೇನಿಲ್ಲ. ಎರಡೂ ಚಕ್ರ ಒಟ್ಟಿಗೆ ಎದ್ದರೆ ಅದು ಸುಮ್ನೆ ತಿರುಗುತ್ತದೆ. ಒಂದೇ ಎದ್ದರೆ ತಿರುಚಿಕೊಂಡು ಇನ್ನೊಂದನ್ನೂ ಮೇಲಕ್ಕೆ ಎಳೆಯುತ್ತದೆ. ವಾಲುವುದು ಕಡಿಮೆ, ಜೊತೆಗೆ ಒಳ ಹಿಂಚಕ್ರ ಹಗುರ. ದಪ್ಪ ಕಂಬಿ ಹಾಕಿದರೆ ಗಾಡಿ ಚುರುಕಾಗಿ ತಿರುಗುತ್ತದೆ, ಆದರೆ ಕಲ್ಲುಹಾದಿಯಲ್ಲಿ ಮತ್ತೆ ಸೊಂಟಕ್ಕೆ ಪೆಟ್ಟು. ಚಕ್ರಗಳನ್ನು ಬೇರೆ ಮಾಡಲು ಅಷ್ಟು ಖರ್ಚು ಮಾಡಿ, ಆಮೇಲೆ ಕಂಬಿ ಹಾಕಿ ಅರ್ಧ ಜೋಡಿಸುವುದು ನೋಡಿದರೆ ನಗು ಬರುತ್ತದೆ.

ರೇಸಿನ ಕಡೆಯೂ ಈ ಪ್ರಯೋಗ ನಡೆಯಿತು. 2006ರಲ್ಲಿ ಪೊಲಾರಿಸ್ ಔಟ್‌ಲಾ 500, 2008ರಲ್ಲಿ ಹೋಂಡಾ ಟಿಆರ್‌ಎಕ್ಸ್700ಎಕ್ಸ್‌ಎಕ್ಸ್, ಎರಡೂ ಹಿಂದೆ ಬೇರೆ ಬೇರೆ ಸಸ್ಪೆನ್ಷನ್ ಇದ್ದ ಸ್ಪೋರ್ಟ್ ಕ್ವಾಡ್‌ಗಳು. ಗುಂಡಿ ಬಿದ್ದ ನೇರ ಹಾದಿಯಲ್ಲಿ ಅವಕ್ಕೆ ಸಾಟಿ ಕಡಿಮೆ. ಆದರೆ ರೇಸ್ ಸವಾರ ತಿರುವಿನಲ್ಲಿ ಹಿಂಭಾಗವನ್ನು ಬೇಕೆಂದೇ ಜಾರಿಸಿ ಗಾಡಿ ತಿರುಗಿಸುತ್ತಾನೆ. ಅವನಿಗೆ ಬೇಕಾಗಿದ್ದು ಆ ಹಳೇ ಆಕ್ಸಲ್. ಪೊಲಾರಿಸ್ ತಾನೇ 2008ರ ಹೊತ್ತಿಗೆ ಔಟ್‌ಲಾ 525 ಅನ್ನು ಆಕ್ಸಲ್ ಇರುವ ಮಾದರಿಯಲ್ಲೂ ತಂದಿತು. ಹೋಂಡಾದ ಗಾಡಿಯೂ ಹೆಚ್ಚು ದಿನ ಬಾಳಲಿಲ್ಲ.

ಇನ್ನೊಂದು ಲೆಕ್ಕ ಮರೆಯಬಾರದು. ಸ್ಪೋರ್ಟ್ ಕ್ವಾಡ್ ಸುಮಾರು 150-180 ಕಿಲೊ, ಸವಾರ 70 ಕಿಲೊ. ಅವನು ಒಂದು ಗೇಣು ಸರಿದರೂ ಇಡೀ ಗಾಡಿಯ ಭಾರ ಸರಿಯುತ್ತದೆ. ಈಗ ಜನಪ್ರಿಯವಾಗಿರುವ, ಅಕ್ಕಪಕ್ಕ ಕೂರುವ ಆಫ್‌ರೋಡ್ ಗಾಡಿಗಳಲ್ಲಿ ಈ ಅನುಕೂಲ ಇಲ್ಲ, ಬೆಲ್ಟ್ ಹಾಕಿ ಕೂತವನು ಎಲ್ಲಿ ವಾಲುತ್ತಾನೆ? ಅವನ ಕೆಲಸವನ್ನೂ ಗಾಡಿಯೇ ಮಾಡಬೇಕು. 2018ರ ಪೊಲಾರಿಸ್ ಆರ್‌ಝೆಡ್‌ಆರ್ ಡೈನಮಿಕ್ಸ್‌ನಲ್ಲಿ ಸ್ಟಿಯರಿಂಗ್ ಎಷ್ಟು ತಿರುಗಿದೆ, ಗಾಡಿ ಎಷ್ಟು ವೇಗದಲ್ಲಿದೆ ಎಂದು ಸೆನ್ಸರ್‌ಗಳು ನೋಡಿ ತಿರುವಿನಲ್ಲಿ ಹೊರಗಿನ ಶಾಕ್ ಅಬ್ಸಾರ್ಬರ್‌ಗಳನ್ನು ತಕ್ಷಣ ಬಿಗಿ ಮಾಡುತ್ತವೆ.

ನಮ್ಮಲ್ಲಿ ಸಾಮಾನ್ಯವಾಗಿ ಎಟಿವಿ ರಸ್ತೆಗಿಳಿಯುವಂತಿಲ್ಲ, ಅದು ಒಳ್ಳೆಯದೇ. ಡಾಂಬರಿನ ಮೇಲೆ ಒಳ ಚಕ್ರ ಜಾರುವುದಿಲ್ಲ, ಅದಕ್ಕೇ ಟಾರು ರಸ್ತೆಯಲ್ಲಿ ಓಡಿಸಬೇಡಿ ಎಂದು ಮ್ಯಾನುಯಲ್‌ಗಳು ಹೇಳುವುದು. ಆದರೆ ಈ ಪಾಠವನ್ನು ಕೈಯಾರೆ ಕಲಿಯುವವರು ಇಲ್ಲೂ ಇದ್ದಾರೆ. 2007ರಿಂದ ನಡೆಯುತ್ತಿರುವ ಬಾಹಾ ಎಸ್‌ಎಇ ಇಂಡಿಯಾ ಸ್ಪರ್ಧೆಗೆ ಕರ್ನಾಟಕದ ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳೂ ಒಬ್ಬರೇ ಕೂರುವ ಎಟಿವಿ ಕಟ್ಟಿಕೊಂಡು ಹೋಗುತ್ತಾರೆ. ತೂಕ ಉಳಿಸಲು ಡಿಫರೆನ್ಷಿಯಲ್ ಬಿಟ್ಟು ಬಿಡುವ ತಂಡಗಳು ಆ ಹಳೇ ಜಗಳಕ್ಕೇ ಬಂದು ನಿಲ್ಲುತ್ತವೆ. ಅಂಥ ಒಂದು ಗಾಡಿ ಕಾಲೇಜು ಮೈದಾನದಲ್ಲಿ ಸುತ್ತು ಹಾಕುವುದನ್ನು ನೋಡಿದ್ದೆ. ಪ್ರತಿ ತಿರುವಿನಲ್ಲೂ ಒಳಗಿನ ಹಿಂಚಕ್ರ ನಾಲ್ಕು ಬೆರಳು ಮೇಲೆದ್ದು ಗಾಳಿಯಲ್ಲಿ ತಿರುಗುತ್ತಿತ್ತು. ಸಸ್ಪೆನ್ಷನ್ ಎಲ್ಲೋ ಕೆಟ್ಟಿದೆ ಅನಿಸಿ, ಪಕ್ಕದಲ್ಲಿದ್ದ ಹುಡುಗಿಗೆ ತೋರಿಸಿದೆ. ‘ಇಲ್ಲ ಸರ್, ಅದು ಏಳ್ಲಿ ಅಂತಾನೇ ಹಿಂದಿನ ಸ್ಪ್ರಿಂಗ್ ಬಿಗಿ ಮಾಡಿದ್ದು’ ಅಂದಳು.