ಪದವಿಯಿಂದ ಉದ್ಯೋಗಕ್ಕೆ: ಹಾಸನ, ಚಿಕ್ಕಮಗಳೂರು ನೂರು ವರ್ಷ ಸವೆಸಿದ ದಾರಿ

ಸಕಲೇಶಪುರದ ಕಡೆಯ ಒಂದು ಮನೆಯಲ್ಲಿ ಪಹಣಿ, ರೇಷನ್ ಕಾರ್ಡು, ಸೊಸೈಟಿ ಸಾಲದ ರಸೀದಿಗಳಿದ್ದ ಟ್ರಂಕಿನೊಳಗೇ ಮಗಳ ಪದವಿ ಪ್ರಮಾಣಪತ್ರವನ್ನೂ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಇಟ್ಟಿದ್ದನ್ನು ನಾನು ಕಂಡಿದ್ದೇನೆ. ಜಮೀನಿನ ಕಾಗದಕ್ಕೆ ಎಷ್ಟು ಜೋಪಾನವೋ ಅದಕ್ಕೂ ಅಷ್ಟೇ ಜೋಪಾನ. ಆ ಕಾಗದ ಬದುಕನ್ನು ದಡ ಸೇರಿಸುತ್ತದೆಂಬ ನಂಬಿಕೆಗೆ ಈ ಭಾಗದಲ್ಲಿ ಒಂದು ಶತಮಾನದ ಇತಿಹಾಸವಿದೆ.

1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾದಾಗ ಪದವಿಯ ಮುಂದೆ ತೆರೆದಿದ್ದ ದೊಡ್ಡ ಬಾಗಿಲು ಸರ್ಕಾರಿ ನೌಕರಿಯದು. ಆ ಬಾಗಿಲು ಎಲ್ಲರಿಗೂ ಸಮನಾಗಿ ತೆರೆದಿರಲಿಲ್ಲ ಎಂಬ ಕೂಗಿನಿಂದಲೇ 1918ರಲ್ಲಿ ಮಿಲ್ಲರ್ ಸಮಿತಿ ನೇಮಕವಾಯಿತು; ಹಿಂದುಳಿದ ಸಮುದಾಯಗಳಿಗೆ ಹುದ್ದೆಗಳಲ್ಲಿ ಪ್ರಾತಿನಿಧ್ಯ ಕೊಡಬೇಕೆಂಬ ಅದರ ಶಿಫಾರಸು ಹಳ್ಳಿಯ ಒಕ್ಕಲು ಮನೆಗಳಲ್ಲಿ ಮಕ್ಕಳನ್ನು ಓದಿಸುವುದಕ್ಕೆ ಒಂದು ಅರ್ಥ ತಂದುಕೊಟ್ಟಿತು. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಹುಟ್ಟಿದ ಕುವೆಂಪು ಅವರು 1929ರಲ್ಲಿ ಎಂ.ಎ. ಮುಗಿಸಿ ತಾವು ಓದಿದ ಮಹಾರಾಜ ಕಾಲೇಜಿನಲ್ಲೇ ಅಧ್ಯಾಪಕರಾದರು, 1956ರಲ್ಲಿ ಅದೇ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದರು. ಆದರೆ ಓದಿದವರು ಊರು ಬಿಡಲೇಬೇಕಿತ್ತು. ಕಾಫಿ ಸೀಮೆಯಲ್ಲಿ ಓದು ಬರಹ ಬಲ್ಲವನಿಗೆ ಸಿಗುತ್ತಿದ್ದ ಕೆಲಸವೆಂದರೆ ತೋಟದ ರೈಟರ್ ಕೆಲಸ: ಆಳುಗಳ ಹಾಜರಿ ಬರೆಯುವುದು, ಬಟವಾಡೆಯ ಲೆಕ್ಕ ನೋಡುವುದು. ಅದಕ್ಕೆ ಪದವಿಯ ಅಗತ್ಯವೂ ಇರಲಿಲ್ಲ.

ಇದಕ್ಕೆ ಹೊರತಾದ ಒಂದು ಊರೆಂದರೆ ಬಾಳೆಹೊನ್ನೂರು. 1925ರಲ್ಲಿ ಮೈಸೂರು ಸರ್ಕಾರ ಅಲ್ಲಿ ಕಾಫಿ ಪ್ರಯೋಗ ಕೇಂದ್ರವನ್ನು ಸ್ಥಾಪಿಸಿತು. ಅದೇ ಮುಂದೆ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಗಿ ಬೆಳೆಯಿತು. ಎಲೆ ತುಕ್ಕು ರೋಗಕ್ಕೆ ತೋಟಗಳು ನಲುಗುತ್ತಿದ್ದ ಕಾಲದಲ್ಲಿ, ರೋಗ ತಡೆಯುವ ತಳಿಯನ್ನು ಹುಡುಕುವ ಕೆಲಸಕ್ಕೆ ಸಸ್ಯಶಾಸ್ತ್ರ, ರಸಾಯನಶಾಸ್ತ್ರ ಓದಿದವರು ಬೇಕಾಗಿದ್ದರು. 1940ರ ದಶಕದಲ್ಲಿ ಅಲ್ಲಿಂದ ಹೊರಬಂದ ಎಸ್. 795 ಎಂಬ ಅರೇಬಿಕಾ ತಳಿ ಇಂದಿಗೂ ಮಲೆನಾಡಿನ ತೋಟಗಳಲ್ಲಿ ನಿಂತಿದೆ. ವಿಜ್ಞಾನದ ಪದವಿಯೊಂದು ಈ ನೆಲದ ಕಷ್ಟಕ್ಕೇ ಮದ್ದು ಹುಡುಕುತ್ತ, ಓದಿದವರಿಗೆ ಜೀವನವಿಡೀ ಸಾರ್ಥಕವೆನಿಸುವ ವೃತ್ತಿಯನ್ನೂ ಕೊಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನಮ್ಮ ಎರಡು ಜಿಲ್ಲೆಗಳಲ್ಲಿ ನನಗೆ ಕಾಣುವುದಿಲ್ಲ. ಇಲ್ಲಿ ಕೆಲಸ ಮೊದಲು ಬಂತು, ಕೆಲಸ ಪದವೀಧರರನ್ನು ಕರೆಯಿತು.

ಸ್ವಾತಂತ್ರ್ಯಾನಂತರ ಇದೇ ಬಗೆಯ ಜೋಡಣೆ ಹಾಸನದಲ್ಲಿ ಸ್ವಲ್ಪ ಕಾಲ ಕೂಡಿಬಂತು. 1960ರಲ್ಲಿ ಮಲೆನಾಡು ಎಂಜಿನಿಯರಿಂಗ್ ಕಾಲೇಜು ಆರಂಭವಾದದ್ದು ರಾಜ್ಯವು ಅಣೆಕಟ್ಟು, ನಾಲೆ, ವಿದ್ಯುತ್ ಯೋಜನೆಗಳನ್ನು ಒಂದರ ಹಿಂದೊಂದು ಕೈಗೆತ್ತಿಕೊಳ್ಳುತ್ತಿದ್ದ ದಿನಗಳಲ್ಲಿ. ಗೊರೂರಿನ ಹೇಮಾವತಿ ಜಲಾಶಯವೂ ಅಂಥದ್ದೇ ಒಂದು ಯೋಜನೆ. ಲೋಕೋಪಯೋಗಿ, ನೀರಾವರಿ, ವಿದ್ಯುತ್ ಇಲಾಖೆಗಳಿಗೆ ಎಂಜಿನಿಯರುಗಳು ಬೇಕಿದ್ದರು. 1982ರಲ್ಲಿ ಇನ್ಸಾಟ್-1ಎ ಉಪಗ್ರಹವನ್ನು ನಿಯಂತ್ರಿಸಲು ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಹಾಸನಕ್ಕೆ ಬಂದಾಗ, ಎಲೆಕ್ಟ್ರಾನಿಕ್ಸ್ ಓದಿದವರಿಗೆ ಜಿಲ್ಲೆಯೊಳಗೇ ಒಂದು ದೊಡ್ಡ ಕನಸು ಎದ್ದು ನಿಂತಿತು. ಅತ್ತ ಚಿಕ್ಕಮಗಳೂರಿನಲ್ಲಿ 1980ರಲ್ಲೇ ಆದಿಚುಂಚನಗಿರಿ ತಾಂತ್ರಿಕ ಕಾಲೇಜು ತೆರೆದಿತ್ತು.

ತೊಂಬತ್ತರ ದಶಕದಲ್ಲಿ ದಿಕ್ಕು ಬದಲಾಯಿತು. 1994ರಲ್ಲಿ ಸಾಮಾನ್ಯ ಪ್ರವೇಶ ಪರೀಕ್ಷೆ ಬಂದು ಹಳ್ಳಿಯ ಜಾಣ ಮಕ್ಕಳಿಗೂ ಎಂಜಿನಿಯರಿಂಗ್ ಸೀಟು ಎಟುಕಿತು. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯಲ್ಲಿ ಕಾಲೇಜುಗಳೆಲ್ಲ ಒಂದೇ ಪಠ್ಯಕ್ರಮಕ್ಕೆ ಬಂದವು. ಸಾಫ್ಟ್‌ವೇರ್ ಕಂಪನಿಗಳು ಕ್ಯಾಂಪಸ್ಸಿಗೇ ಬಂದು ಆರಿಸಿಕೊಳ್ಳತೊಡಗಿದವು. ಸಾವಿರಾರು ಮನೆಗಳು ಇದರಿಂದ ಸಾಲ ತೀರಿಸಿ ತಾರಸಿ ಹಾಕಿಸಿಕೊಂಡವು, ಅದನ್ನು ಹಗುರವಾಗಿ ಕಾಣಬಾರದು. ಆದರೆ ಇದೇ ಹೊತ್ತಿನಲ್ಲಿ ಬಿ.ಎ., ಬಿ.ಕಾಂ., ಬಿ.ಎಸ್ಸಿ. ಓದುವವರ ಕಡೆಗೆ ಸಮಾಜದ ಗಮನವೇ ಹೋಗಲಿಲ್ಲ ಎಂಬುದು ನನ್ನನ್ನು ಬಹಳ ಕಾಡುವ ವಿಷಯ. ತಾಲ್ಲೂಕು ಕೇಂದ್ರಗಳ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಪಾಠದ ಬಹುಭಾಗವನ್ನು ಅತಿಥಿ ಉಪನ್ಯಾಸಕರೇ ಹೊತ್ತರು, ಅವರ ಕೆಲಸಕ್ಕೇ ಭದ್ರತೆ ಇರಲಿಲ್ಲ. ಎಂಜಿನಿಯರಿಂಗ್ ವಿದ್ಯಾರ್ಥಿಗೆ ವರ್ಕ್‌ಶಾಪು, ಪ್ರಾಜೆಕ್ಟು, ಉದ್ಯೋಗಾಧಿಕಾರಿ ಇದ್ದರೆ, ಇವರಿಗೆ ಇದ್ದದ್ದು ನೋಟ್ಸು ಮತ್ತು ಪರೀಕ್ಷೆ. ಪದವಿ ಮುಗಿದ ಮೇಲೆ ಬೆಳಗ್ಗೆ ಗ್ರಂಥಾಲಯದ ಬಾಗಿಲು ತೆಗೆಯುವ ಮುಂಚೆಯೇ ಬಂದು, ಮೆಟ್ಟಿಲ ಮೇಲೆ ಕುಳಿತು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ), ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹುದ್ದೆಗಳ ಪರೀಕ್ಷೆಗಳ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವ ಹುಡುಗ ಹುಡುಗಿಯರು ಆ ಕೊರತೆಯನ್ನು ತಾವೇ ತುಂಬಿಕೊಳ್ಳುತ್ತಿದ್ದಾರೆ.

ಸರ್ಕಾರಗಳು ಇದನ್ನು ಗಮನಿಸಿಲ್ಲವೆಂದಲ್ಲ. 2021ರಲ್ಲಿ ಬಂದ ನಾಲ್ಕು ವರ್ಷದ ಪದವಿ ಕೌಶಲವನ್ನು ಪಠ್ಯದೊಳಗೆ ತರುವ ಆಸೆ ಹೊತ್ತಿತ್ತು. 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೇ ಮರಳಲಾಯಿತು. ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3,000 ರೂಪಾಯಿ ಕೊಡುವ ಯುವನಿಧಿ 2024ರ ಜನವರಿಯಲ್ಲಿ ಆರಂಭವಾಯಿತು. ಅರ್ಜಿ ಹಾಕುವ ಖರ್ಚಿಗೆ, ಕೋಚಿಂಗ್ ಶುಲ್ಕಕ್ಕೆ ಅದು ನೆರವಾಗುತ್ತದೆ. ಅದಕ್ಕಿಂತ ಹೆಚ್ಚಿನದನ್ನು ಅದರಿಂದ ನಿರೀಕ್ಷಿಸುವುದು ಸರಿಯಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರವಾಗಿದ್ದ ಹೇಮಗಂಗೋತ್ರಿಯನ್ನು ನೆಲೆಯಾಗಿಟ್ಟುಕೊಂಡು 2023ರಲ್ಲಿ ಹಾಸನ ವಿಶ್ವವಿದ್ಯಾಲಯ ಹುಟ್ಟಿತು. ಎರಡೇ ವರ್ಷದಲ್ಲಿ, 2025ರ ಫೆಬ್ರವರಿಯಲ್ಲಿ, ಹಣಕಾಸಿನ ಹೊರೆಯ ಕಾರಣ ಕೊಟ್ಟು ಮುಚ್ಚಬೇಕಾದ ಒಂಬತ್ತು ವಿಶ್ವವಿದ್ಯಾಲಯಗಳ ಪಟ್ಟಿಯಲ್ಲಿ ಸಂಪುಟ ಉಪಸಮಿತಿ ಅದನ್ನೂ ಸೇರಿಸಿತು. ಸಾಕಷ್ಟು ಅಧ್ಯಾಪಕರು, ಕಟ್ಟಡ, ಅನುದಾನ ಇಲ್ಲದೆ ವಿಶ್ವವಿದ್ಯಾಲಯವೆಂಬ ಹೆಸರು ಮಾತ್ರ ಕೊಟ್ಟದ್ದು ತಪ್ಪೇ ಹೌದು. ಆದರೆ ಆಲೂರು, ಅರಕಲಗೂಡಿನ ಹೆಣ್ಣುಮಕ್ಕಳ ಎಂ.ಎ., ಎಂ.ಕಾಂ. ಆಸೆ ಬಹುಮಟ್ಟಿಗೆ ನಿಂತಿರುವುದು ಬೆಳಗಿನ ಬಸ್ಸಿನಲ್ಲಿ ಪಾಸು ತೋರಿಸಿ ಹೋಗಿ ಸಂಜೆ ಮನೆ ಸೇರಬಹುದಾದ ದೂರದ ಮೇಲೆ. ಮೈಸೂರಾದರೆ ಹಾಸ್ಟೆಲ್ ಸೀಟು ಸಿಗಬೇಕು, ಅದರ ಖರ್ಚು ಹೊಂದಬೇಕು, ಮನೆಯವರು ಒಪ್ಪಬೇಕು.